ಹಳೆಯ ಅಳತೆಯ ಹಿಡಿ

ಕೆಲಸದ ಕೋಣೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಕಡ್ಡೀ,

ಹೇಗಿದ್ದೀಯಮ್ಮ? ಕಣ್ಣು ಹೇಗಿವೆ? ದಿನವಿಡೀ ಊರವರ ಕನ್ನಡಕದ ಗಾಜು ಉಜ್ಜುವವಳು ನಿನ್ನ ಕಣ್ಣಿಗೆ ಆಗಾಗ ತಣ್ಣೀರು ಹಾಕಿಕೊಳ್ಳುತ್ತೀಯೋ ಇಲ್ಲವೋ. ಬಲಗೈ ಬೆರಳುಗಳು ಈಗಲೂ ಜೋಮು ಹಿಡಿಯುತ್ತವೆಯೇ? ಇದನ್ನು ಯಾಕೆ ಕೇಳುತ್ತಿದ್ದೇನೆ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ. ಇಪ್ಪತ್ಮೂರು ತುಂಬಿದವಳನ್ನು ಇನ್ನೂ ಕಡ್ಡಿ ಅನ್ನುತ್ತಾನಲ್ಲ ಎಂದು ಮೂಗು ಮುರಿಯಬೇಡ. ಹೋದ ವರ್ಷ ನಿನ್ನನ್ನು ನೋಡಿಬಂದ ನಿನ್ನಮ್ಮ, ನೀನು ಮೈಕೈ ತುಂಬಿಕೊಂಡಿದ್ದೀಯ ಎಂದು ಹೇಳಿದಳು. ನಾನು ನೋಡಿಲ್ಲವಲ್ಲ, ನನ್ನ ಮಟ್ಟಿಗೆ ನೀನು ಕಡ್ಡಿಯೇ.

ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಮೆಟ್ಟಿಲು ಕಂಡಾಗ ಮಾತ್ರ ಬರುತ್ತದೆ, ಪಕ್ಕದ ಮನೆಗೆ ಹೋಗುವಾಗ ಇರುವುದಿಲ್ಲ. ಪ್ರತಿ ಭಾನುವಾರ ನೀನು ಫೋನ್ ಮಾಡುವ ಹೊತ್ತಿಗೆ ನಾನು ಏನಾದರೊಂದು ನೆಪ ಹೇಳಿ ಹೊರಗೆ ಹೋಗುತ್ತೇನೆ. ಹೋಗುವುದು ಮೆಟ್ಟಿಲವರೆಗೆ ಅಷ್ಟೇ. ಅಲ್ಲಿ ಕೂತು, ಅವಳ ಮಾತು ಕೇಳಿಸಿಕೊಂಡು, ನಿನ್ನ ಮಾತು ಏನಿರಬಹುದು ಎಂದು ಊಹಿಸುತ್ತೇನೆ. 'ಹೂಂ, ಇದಾರೆ, ಅವ್ರಿಗೇನಾಗತ್ತೆ, ಗುಂಡುಕಲ್ಲಿನ ಹಾಗಿದಾರೆ' ಅಂದರೆ ನೀನು ನನ್ನನ್ನು ವಿಚಾರಿಸಿದೆ ಎಂದು ಲೆಕ್ಕ. ಆ ವಾರ ಕೆಲಸ ಚೆನ್ನಾಗಿ ಸಾಗುತ್ತದೆ. ನಾಲ್ಕು ವರ್ಷದಿಂದ ಇದೇ ನಡೆದಿದೆ. ಫೋನ್ ಕಿತ್ತುಕೊಂಡು ಮಾತಾಡಬೇಕು ಅನ್ನಿಸುತ್ತದೆ, ಆದರೆ ನಾಲಿಗೆ ಹೊರಳುವುದಿಲ್ಲ. ಅದಕ್ಕೇ ಈ ಕಾಗದ.

ಹೊಸ ಸುದ್ದಿ ಏನೆಂದರೆ ನಿನ್ನಪ್ಪ ಪಿಸ್ತೂಲು ಶೂಟಿಂಗ್ ಕಲಿಯುತ್ತಿದ್ದಾನೆ. ನಗು, ಪರವಾಗಿಲ್ಲ, ಅಮ್ಮ ಈಗಾಗಲೇ ಎರಡು ವಾರ ನಕ್ಕಿದ್ದಾಳೆ. ನಿನಗೆ ಹದಿನಾಲ್ಕಾದಾಗಿನಿಂದ ಐದು ವರ್ಷ, ಪ್ರತಿ ಭಾನುವಾರ, ಕ್ಲಬ್ಬಿನ ಆ ಉದ್ದ ಶೆಡ್ಡಿನ ಹೊರಗೆ ಬೆಂಚಿನ ಮೇಲೆ ಫ್ಲಾಸ್ಕ್ ಹಿಡಿದು ಕೂತಿದ್ದೇನಲ್ಲ. ನೀನು ಹೋದ ಮೇಲೆ ಭಾನುವಾರ ಬಂದರೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಜನವರಿಯಲ್ಲಿ ಒಂದು ದಿನ ಕಾಲು ತಾನಾಗಿಯೇ ಆ ಕಡೆ ನಡೆಯಿತು. ಫ್ಲಾಸ್ಕ್ ಕೂಡ ಕೈಯಲ್ಲಿತ್ತು. ಬೆಂಚಿನ ಮೇಲೆ ಕೂತೆ. ಒಳಗಿನಿಂದ ಟಪ್ ಟಪ್ ಎಂಬ ಸದ್ದು ಕೇಳಿಸಿದಾಗಲೆಲ್ಲ, ಈಗ ನೀನು ಹೊರಗೆ ಬಂದು 'ಅಪ್ಪಾ, ಟೀ' ಅನ್ನುತ್ತೀಯ ಅನ್ನಿಸುತ್ತಿತ್ತು. ನಿನಗೆ ಗುರಿ ಕಲಿಸಿದ ಸೀಟಿ ಸರ್ ಬಂದು ಪಕ್ಕದಲ್ಲಿ ಕೂತರು. ಕೂದಲು ಪೂರಾ ಬೆಳ್ಳಗಾಗಿದೆ, ಕುತ್ತಿಗೆಯ ಸೀಟಿ ಮಾತ್ರ ಹಾಗೇ ಇದೆ. 'ಸುಮ್ನೆ ಕೂತು ಬೆಂಚು ಸವೆಸ್ಬೇಡಿ, ಒಳಗೆ ಬನ್ನಿ' ಅಂದರು. ಹೀಗೆ ಶುರುವಾಯಿತು. ಹತ್ತು ಮೀಟರ್ ದೂರದ ಆ ಕಪ್ಪು ಬೊಟ್ಟು ನನಗೆ ಒಂದೊಂದು ಸಲ ಎರಡಾಗಿ ಕಾಣುತ್ತದೆ, ನಾನು ಎರಡರ ನಡುವೆ ಹೊಡೆಯುತ್ತೇನೆ.

ಕ್ಲಬ್ಬಿನ ಪಿಸ್ತೂಲುಗಳಿಗೆ ಸರದಿ ಜಾಸ್ತಿ. ನಿಮ್ಮದೇ ಒಂದು ತಗೊಳ್ಳಿ, ಸಣ್ಣದು, ಕೈಗೆಟುಕುವ ಬೆಲೆಯದು, ಅಭ್ಯಾಸಕ್ಕೆ ಸಾಕಾಗುವಂಥ ಗಾಳಿ ಪಿಸ್ತೂಲು, ಎಂದು ಹೋದ ಭಾನುವಾರ ಸೀಟಿ ಸರ್ ಹೇಳಿದರು. ಏನು ನೋಡಿ ತಗೊಳ್ಳಬೇಕು ಅಂದೆ. 'ಯಾವ್ದಾದ್ರೂ ಆಗ್ಲಿ, ಹಿಡಿ ಕೈಗೆ ಕೂರ್ಬೇಕು. ಕೂರದೇ ಇದ್ರೆ ಏನಾಗತ್ತೆ ಅಂತ ತೋರಿಸ್ತೀನಿ ಬನ್ನಿ' ಎಂದು ಬೀರು ತೆಗೆದು ಒಂದು ಹಳೆಯ ಪಿಸ್ತೂಲು ನನ್ನ ಕೈಗಿಟ್ಟರು. ನೋಡಿದ ತಕ್ಷಣ ಗೊತ್ತಾಯಿತು. ಕ್ಲಬ್ಬಿನವರು ನಿನಗೆ ಕೊಟ್ಟಿದ್ದ ಪಿಸ್ತೂಲು, ನಾನು ಕೆತ್ತಿದ ಹಿಡಿ. ನನ್ನ ಕೈಗಂತೂ ಅದು ಹಿಡಿಸಲಿಲ್ಲ, ಹಿಡಿಸುವುದೂ ಬೇಡ. ಆದರೆ ಅವರು ಹೇಳಿದ್ದು ಬೇರೆ. ನಿನಗೆ ಹದಿನೇಳು ದಾಟಿದ ಮೇಲೆ ಅದು ನಿನ್ನ ಕೈಗೂ ಚಿಕ್ಕದಾಗಿತ್ತಂತೆ. ತೋರುಬೆರಳು ಟ್ರಿಗರ್ ದಾಟಿ ಆಚೆಗೆ ಹೋಗುತ್ತಿತ್ತಂತೆ, ಉಳಿದ ಬೆರಳು ಇಕ್ಕಟ್ಟಿನಲ್ಲಿ ಬಿಗಿಯುತ್ತಿದ್ದವಂತೆ. ಗುರಿ ನೋಡುವ ಸೈಟಿನ ತಿರುಪು ತಿರುಗಿಸಿ ಸರಿಮಾಡಿಕೊಂಡರೂ ಅರ್ಧ ಗಂಟೆಯಲ್ಲಿ ಕೈ ಜೋಮು ಹಿಡಿದು ಗುಂಡು ಮತ್ತೆ ಬಲಕ್ಕೆ, ಕೆಳಕ್ಕೆ ಜಾರುತ್ತಿತ್ತಂತೆ. ಬೇರೆ ಹಿಡಿ ಹಾಕೋಣ ಎಂದು ಅವರು ಎಷ್ಟೋ ಸಲ ಹೇಳಿದರೂ ನೀನು ಒಪ್ಪಲಿಲ್ಲವಂತೆ. 'ಅಪ್ಪ ಮಾಡಿದ್ದು ಸರ್, ಇರ್ಲಿ. ಅವ್ರಿಗೆ ಹೇಳ್ಬೇಡಿ' ಅಂದೆಯಂತೆ.

ಕಡ್ಡೀ, ನಾನು ಮೂವತ್ತೈದು ವರ್ಷದಿಂದ ಹಿಡಿ ಮಾಡಿ ಬದುಕಿದವನು. ಉಳಿಗೆ, ಗರಗಸಕ್ಕೆ, ಸುತ್ತಿಗೆಗೆ. ಬಂದ ಗಿರಾಕಿಯ ಕೈಯನ್ನು ಪ್ರತಿ ಸಲವೂ ಹಸಿಮಣ್ಣಿನ ಮುದ್ದೆಯಲ್ಲಿ ಒತ್ತಿಸಿಕೊಂಡೇ ಮರ ಮುಟ್ಟುವವನು. ಹೋದ ವರ್ಷ ಒತ್ತಿದ್ದೆನಲ್ಲ ಎಂದು ಯಾವ ಮೇಸ್ತ್ರಿಯಾದರೂ ಗೊಣಗಿದರೆ, ಕೈ ಬದಲಾಗಿರುತ್ತದೆ ಸ್ವಾಮಿ, ಒತ್ತಿ ಎಂದು ಹಠ ಹಿಡಿಯುವವನು. ನಿನಗೆ ಹದಿನೆಂಟಾದಾಗ ನೀನು ಇದೇ ಕೋಣೆಯ ಬಾಗಿಲಲ್ಲಿ ನಿಂತು 'ಅಪ್ಪಾ, ಹೊಸದೊಂದು ಹಿಡಿ ಮಾಡಿಕೊಡ್ತೀಯಾ?' ಎಂದು ಕೇಳಿದ್ದೆ. ನಾನು ಉಬ್ಬಿಹೋದೆ. ಹಳೆಯದು ಸವೆದಿರಬೇಕು, ಮಗಳಿಗೆ ನನ್ನ ಕೆಲಸ ಅಷ್ಟು ಹಿಡಿಸಿದೆ ಅಂದುಕೊಂಡೆ. ಒಳ್ಳೆಯ ಮರ ಹುಡುಕಿ ತಂದೆ, ಎಂಟು ದಿನ ಕೂತು ಕೆತ್ತಿದೆ, ಸ್ಯಾಂಡ್ ಪೇಪರ್ ಹಾಕಿ ಹಾಕಿ ಕನ್ನಡಿ ಮಾಡಿದೆ. ಮಣ್ಣಿಗೆ ಒತ್ತಿಸಿಕೊಳ್ಳಲು ನಿನ್ನ ಕೈ ಮಾತ್ರ ಕೇಳಲಿಲ್ಲ. ನಿನಗೆ ಹದಿನಾಲ್ಕಿದ್ದಾಗ ಒತ್ತಿಸಿಕೊಂಡಿದ್ದ ಮಣ್ಣಿನ ಅಚ್ಚು ಶೆಲ್ಫಿನ ಮೇಲಿತ್ತಲ್ಲ, ಅದರ ಅಳತೆಯನ್ನೇ ಇಟ್ಟುಕೊಂಡು ಮಾಡಿದೆ. ಊರವರ ಕೈಯೆಲ್ಲ ಬೆಳೆಯುತ್ತದೆ ಎಂದು ಗೊತ್ತಿದ್ದವನಿಗೆ ಮಗಳ ಕೈ ಬೆಳೆದದ್ದು ಕಾಣಲಿಲ್ಲ. ನೀನು ಅದನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ 'ತುಂಬಾ ಚೆನ್ನಾಗಿದೆ ಅಪ್ಪಾ' ಅಂದೆ. ಆ ಸುಮ್ಮನಿದ್ದದ್ದು ನನಗೆ ಈಗ ಕೇಳಿಸುತ್ತಿದೆ.

ಮನೆಗೆ ಬಂದು ನಿನ್ನ ಗುರಿ ಹಾಳೆಗಳನ್ನೆಲ್ಲ ತೆಗೆದೆ. ಒಂದನ್ನೂ ಎಸೆದಿಲ್ಲ, ಟ್ರಂಕಿನಲ್ಲಿವೆ. ಆಯ್ಕೆ ಪಂದ್ಯದ ಹಾಳೆಗಳನ್ನು ಕಿಟಕಿಗೆ ಹಿಡಿದು ನೋಡಿದೆ. ಕೊನೆಕೊನೆಯ ಗುಂಡುಗಳೆಲ್ಲ ಒಂದು ನಾಣ್ಯದ ಅಗಲದೊಳಗೇ ಇವೆ, ಎಲ್ಲಾ ಬಲಕ್ಕೆ, ಕೆಳಕ್ಕೆ. ಮನಸ್ಸಿಲ್ಲದವರು ಹಾಗೆ ಹೊಡೆಯಲು ಆಗುವುದಿಲ್ಲ. ನಾನು ಮಾತ್ರ ಅಂದು, ನೀನು ಆಯ್ಕೆಯಾಗದೆ ವಾಪಸ್ ಬರುವಾಗ, ಬಸ್ಸಿನಲ್ಲಿ ಅಷ್ಟು ಜನರ ಎದುರು 'ಮನಸ್ಸಿಲ್ಲದವಳಿಗೋಸ್ಕರ ಒಳ್ಳೇ ಮರ ಹಾಳು ಮಾಡ್ದೆ' ಅಂದೆ. ನೀನು ಕಿಟಕಿಯ ಕಡೆ ತಿರುಗಿದೆ. ನಿನ್ನ ಬಲಗೈ ಎಡಗೈಯೊಳಗಿತ್ತು, ಬೆರಳು ಒಂದೊಂದಾಗಿ ನೀವಿಕೊಳ್ಳುತ್ತಿದ್ದೆ. ಸಿಟ್ಟಿಗೆ ಹಾಗೆ ಮಾಡುತ್ತಿದ್ದೀಯ ಅಂದುಕೊಂಡಿದ್ದೆ. ಮಾರನೆಯ ದಿನ ಪಿಸ್ತೂಲು ಕ್ಲಬ್ಬಿಗೆ ಹೋಯಿತು, ಮೂರು ತಿಂಗಳಿಗೆ ನೀನು ಊರು ಬಿಟ್ಟು ಹೋದೆ. 'ನಿನ್ನ ಮರವೇ ತಪ್ಪು' ಎಂದು ಒಂದು ಮಾತು ಅಂದಿದ್ದರೆ ಏನಾಗುತ್ತಿತ್ತು ತಾಯೀ? ನನಗೆ ನೋವಾಗಬಾರದೆಂದು ಎರಡು ವರ್ಷ ನಿನ್ನ ಕೈ ನೋಯಿಸಿಕೊಂಡೆ. ತಪ್ಪು ನನ್ನದು. ನನ್ನನ್ನು ಕ್ಷಮಿಸು.

ಮೂರು ದಿನ ಅನ್ನ ಸೇರಲಿಲ್ಲ. ಬುಧವಾರ ಕ್ಲಬ್ಬಿನ ಚೀಟಿ ಹಿಡಿದು ಆಟದ ಸಾಮಾನಿನ ದೊಡ್ಡ ಅಂಗಡಿಗೆ ಹೋದೆ. ಅಂಗಡಿಯಾಕೆ ಗಾಜಿನ ಪೆಟ್ಟಿಗೆ ತೆಗೆದು ಮೂರು ಪಿಸ್ತೂಲು ಮುಂದಿಟ್ಟಳು. ಒಂದು ಸ್ಪ್ರಿಂಗಿನದು, ಅಗ್ಗ, ಆದರೆ ಹೊಡೆದಾಗಲೆಲ್ಲ ಕೈಗೆ ಝಾಡಿಸುತ್ತದೆ. ಇನ್ನೊಂದಕ್ಕೆ ಗ್ಯಾಸು ತುಂಬಿಸುತ್ತಲೇ ಇರಬೇಕು, ಸಿಲಿಂಡರಿನ ಹಿಂದೆ ಅಲೆಯುವುದೇ ಕೆಲಸ. ಮೂರನೆಯದು ಪ್ರತಿ ಗುಂಡಿಗೂ ಪಕ್ಕದ ಲಿವರ್ ಎಳೆದು ಗಾಳಿ ತುಂಬುವಂಥದ್ದು. ಸ್ವಲ್ಪ ದುಡಿಮೆ ಬೇಡುತ್ತದೆ, ಆದರೆ ಹೊಡೆದರೆ ಅಲುಗುವುದಿಲ್ಲ. ಕೈ ನೀಟಿ ಹಿಡಿದು ಅರವತ್ತು ಎಣಿಸಿದೆ, ತೂಕ ಹದವಾಗಿತ್ತು. ಆಮೇಲೆ ತಿರುಗಿಸಿ ಹಿಡಿಯ ತಿರುಪು ಹುಡುಕಿದೆ. 'ಯಜಮಾನ್ರೇ, ಎಲ್ರೂ ನಳಿಗೆ ನೋಡ್ತಾರೆ, ನೀವು ತಿರುಪು ನೋಡ್ತೀರಲ್ಲ' ಎಂದು ಆಕೆ ನಕ್ಕಳು. ಒಂದೇ ತಿರುಪು, ಬಿಚ್ಚಿದರೆ ಹಿಡಿ ಪೂರ್ತಿ ಕೈಗೆ ಬರುತ್ತದೆ. ಅದನ್ನೇ ಕೊಡಿ ಅಂದೆ. ಯಾರಿಗೆ ಎಂದು ಕೇಳಿದಳು, ನನಗೇ ಅಂದೆ. ಈ ವಯಸ್ಸಲ್ಲಿ ಇದೊಂದು ಶೋಕಿ ಎಂದು ನಿನ್ನಮ್ಮ ಒಂದು ಸುತ್ತು ಬೈದು ಮುಗಿಸಿದ್ದಾಳೆ.

ಅಮ್ಮ ನಿನ್ನನ್ನು ಬಹಳ ಕೇಳಿದಳು ಎಂದು ಬರೆಯಲು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ತಿನ್ನು, ನಿದ್ದೆಗೆಡಬೇಡ. ನಿನಗೆ ಒಳ್ಳೆಯದಾಗಲಿ, ನಿನ್ನ ಕೈಗೆ ಇನ್ನು ಯಾರಿಂದಲೂ ನೋವಾಗದಿರಲಿ.

ಇಂತಿ ನಿನ್ನ
ಅಪ್ಪ

ತಾ.ಕ.: ಅಮ್ಮ ಅಂಚೆಪೆಟ್ಟಿಗೆಗೆ ಹಾಕಿಬರಲು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಪಿಸ್ತೂಲು ನನಗೆ ಅಂದದ್ದು ಸುಳ್ಳು. ಬೊಟ್ಟು ಎರಡು ಕಾಣುವವನಿಗೆ ಕ್ಲಬ್ಬಿನದೇ ಹೆಚ್ಚಾಯಿತು. ಅದು ನಿನಗೆ. ನೀನು ಮತ್ತೆ ಪಂದ್ಯಕ್ಕೆ ನಿಲ್ಲಲೇಬೇಕು ಅಂತಿಲ್ಲ, ಸುಮ್ಮನೆ ನಿನ್ನ ಹತ್ತಿರ ಇರಲಿ. ಅಂಗಡಿಯ ಹಿಡಿ ಬಿಚ್ಚಿ ತೆಗೆದಿದ್ದೇನೆ. ಈ ಕಾಗದದ ಜೊತೆ ಒಂದು ಬಿಳಿ ಹಾಳೆ ಇದೆ, ಬಲಗೈ ಊರಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸು. ಆದರೆ ಗೆರೆಯಲ್ಲಿ ಕೈಯ ಅಗಲ ಸಿಗುತ್ತದೆ, ಅಂಗೈಯ ಆಳ ಸಿಗುವುದಿಲ್ಲ, ಅದು ನಿನಗೂ ಗೊತ್ತು. ನಿನ್ನ ಹಳೆಯ ಅಚ್ಚನ್ನು ಶೆಲ್ಫಿನಿಂದ ತೆಗೆದು ಟ್ರಂಕಿನಲ್ಲಿಟ್ಟೆ, ಎಸೆಯಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಹೊಸ ಮಣ್ಣು ಕಲಸಿ, ಒದ್ದೆ ಬಟ್ಟೆ ಸುತ್ತಿ ಆ ಜಾಗದಲ್ಲಿ ಇಟ್ಟಿದ್ದೇನೆ. ನೀನು ಬರುವವರೆಗೆ ದಿನಾ ನೀರು ಚಿಮುಕಿಸುತ್ತಿರುತ್ತೇನೆ.