ಮೊಸಳೆಯ ಹಲ್ಲುನೋವಿಗೆ ಒಂದೇ ನಕ್ಷತ್ರ

ಮನೆಯಿಂದ,
ಸೆಪ್ಟೆಂಬರ್ ೧೫, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಕತ್ತುನೋವು ಈಗ ಹೇಗಿದೆ? ಆ ತರಬೇತಿ ಕೇಂದ್ರದ ಕುರ್ಚಿಯೇ ಅದಕ್ಕೆ ಕಾರಣ ಅಂತ ಅಮ್ಮ ತೀರ್ಪು ಕೊಟ್ಟಿದ್ದಾಳೆ. ಮನೆಯಿಂದ ಒಂದು ದಿಂಬು ತೆಗೆದುಕೊಂಡು ಹೋಗಿ ಬೆನ್ನಿಗೆ ಕೊಟ್ಟುಕೋ, ಯಾರು ನಕ್ಕರೂ ತಲೆ ಕೆಡಿಸಿಕೊಳ್ಳಬೇಡ. ಅಮ್ಮ ಚೆನ್ನಾಗಿದ್ದಾಳೆ. ಕಣ್ಣಿನ ಆಪರೇಷನ್ ಆದಮೇಲೆ ಮನೆಯಲ್ಲಿ ಎಲ್ಲೆಲ್ಲಿ ಧೂಳಿದೆ ಅನ್ನೋದು ಅವಳಿಗೆ ಸ್ಪಷ್ಟವಾಗಿ ಕಾಣತೊಡಗಿದೆ. ಅದರ ಫಲ ಉಣ್ಣುತ್ತಿರುವವಳು ನಾನು.

ಇನ್ನು ವಿಷಯಕ್ಕೆ ಬರುತ್ತೇನೆ. ನಿಮ್ಮ ಕೇಂದ್ರದ ನೋಟಿಸ್ ಗುರುವಾರ ಕೈಸೇರಿತು. ಓದಿನಲ್ಲಿ ಹಿಂದುಳಿದ ವಿದ್ಯಾರ್ಥಿನಿಯನ್ನು ಬಲವರ್ಧನೆ ಕೊಠಡಿಗೆ ಕಳಿಸದಿರಲು ಕಾರಣವೇನು, ಏಳು ದಿನದೊಳಗೆ ಉತ್ತರಿಸಿ, ತಪ್ಪಿದರೆ ನಿಮ್ಮನ್ನು ತರಗತಿಯಿಂದ ತೆಗೆದು ಕಚೇರಿ ಕೆಲಸಕ್ಕೆ ಹಾಕಲಾಗುವುದು ಅಂತಿದೆ. ಕೆಳಗೆ ನಿನ್ನ ಸಹಿ. "ರಾಶಿ ಕಾಗದದ ನಡುವೆ ಹಾಕಿರುತ್ತಾಳೆ ಬಿಡೇ, ನಿನ್ನ ಹೆಸರು ಕಣ್ಣಿಗೆ ಬಿದ್ದಿರಲಾರದು" ಅಂತ ಅಮ್ಮ ನಿನ್ನ ಪರ ವಕೀಲಿಕೆ ಮಾಡಿದಳು. ಇರಬಹುದು. ಕೇಂದ್ರಕ್ಕೆ ನನ್ನ ಉತ್ತರ ಒಂದೇ ಸಾಲಿನದು, ಶುಕ್ರವಾರವೇ ಹೋಗಿದೆ: ಕಳಿಸಿಲ್ಲ, ಕಳಿಸುವುದೂ ಇಲ್ಲ. ಉಳಿದದ್ದು ನಿನಗೆ.

ಮೊದಲೇ ಹೇಳಿಬಿಡುತ್ತೇನೆ, ನೀವು ಶಾಲೆಗೆ ಕೊಟ್ಟ ಟ್ಯಾಬ್ ಮೇಲೆ ನನಗೆ ಹಗೆಯಿಲ್ಲ. ದಪ್ಪ ಕನ್ನಡಕದ ಹುಡುಗನೊಬ್ಬ ಅಕ್ಷರ ದೊಡ್ಡದು ಮಾಡಿಕೊಂಡು, ಯಾರ ಸಹಾಯವೂ ಇಲ್ಲದೆ ಮೊದಲ ಸಲ ಒಂದು ಪುಟ ಓದಿದ್ದು ಅದರಲ್ಲೇ. ಇರುವೆಯ ಕಾಲಿನ ಮೇಲೂ ಕೂದಲಿದೆ ಅಂತ ಇಡೀ ತರಗತಿ ಕಂಡುಕೊಂಡದ್ದೂ ಅದರಲ್ಲೇ. ನನ್ನ ಜಗಳ ನಕ್ಷತ್ರದ ಜೊತೆ. ಮಗು ಟ್ಯಾಬ್ ಮುಂದೆ ಕೂತು ಕಥೆ ಗಟ್ಟಿಯಾಗಿ ಓದಬೇಕು, ಅದು ಕೇಳಿಸಿಕೊಂಡು ಒಂದರಿಂದ ಐದು ನಕ್ಷತ್ರ ಕೊಡುತ್ತದೆ. ಮೂರು ವಾರ ಒಂದೇ ನಕ್ಷತ್ರ ಬಂದ ಮಗು, ಚಿತ್ರಕಲೆ ಮತ್ತು ಆಟದ ಪೀರಿಯಡ್ ಬಿಟ್ಟು, ಹಳೇ ಸಾಮಾನಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ವರ್ಷದ ಕೊನೆಯವರೆಗೂ ಕೂರಬೇಕು. ಇದಕ್ಕೆ ನೀವು ಬಲವರ್ಧನೆ ಅಂತ ಹೆಸರಿಟ್ಟಿದ್ದೀರಿ.

ಹಾಗೆ ಸಿಕ್ಕಿಬಿದ್ದ ಮಗು ಯಾರು ಗೊತ್ತಾ? ನಾವೆಲ್ಲ ಚಿನಕುರುಳಿ ಅಂತ ಕರೆಯುವ ಹುಡುಗಿ, ಬಸ್ ಡ್ರೈವರ್ ಮಗಳು. ಪಾಠ ಮೊಸಳೆಗೆ ಹಲ್ಲುನೋವು ಬಂದ ಕಥೆ. ಅವಳು ಮೊಸಳೆಯೇ ಆಗಿಬಿಟ್ಟಳು. ಕೆನ್ನೆ ಹಿಡಿದುಕೊಂಡು, ಬಾಯಿ ಸೊಟ್ಟ ಮಾಡಿಕೊಂಡು, ನರಳುತ್ತ ಓದಿದಳು. ಹಲ್ಲು ಕೀಳುವ ಕೊಕ್ಕರೆಯ ಮಾತು ಬಂದಾಗ ಕತ್ತು ಉದ್ದವಾಯಿತು, ದನಿ ಸಣ್ಣದಾಯಿತು. ಹಲ್ಲು ಕಿತ್ತುಬಂದಾಗ ತಾನೇ ನಕ್ಕು, ನಗುವಿನಲ್ಲಿ ಒಂದು ಸಾಲು ಬಿಟ್ಟು, ಹಿಂದೆ ಹೋಗಿ ಅದನ್ನೂ ಓದಿದಳು. ಪಕ್ಕದ ಸಾಲಿನವರು ತಮ್ಮ ಟ್ಯಾಬ್ ಬಿಟ್ಟು ಇವಳನ್ನೇ ನೋಡುತ್ತಿದ್ದರು. ಟ್ಯಾಬ್ ಮಾತ್ರ ಒಂದು ನಕ್ಷತ್ರ ಕೊಟ್ಟು, ಉಚ್ಚಾರ ಸ್ಪಷ್ಟವಿಲ್ಲ, ಮತ್ತೆ ಪ್ರಯತ್ನಿಸು ಅಂದಿತು. ಅವಳು ನನ್ನ ಕಡೆ ತಿರುಗಿ, "ಮಿಸ್, ಹಲ್ಲು ನೋಯೋವಾಗ ಮೊಸಳೆ ಹೆಂಗೆ ಸ್ಪಷ್ಟವಾಗಿ ಮಾತಾಡುತ್ತೆ?" ಅಂದಳು. ನಿಮ್ಮ ಕೈಪಿಡಿಯಲ್ಲಿ ಉತ್ತರ ಹುಡುಕಿದೆ. ಸಿಗಲಿಲ್ಲ.

ಐದು ನಕ್ಷತ್ರದವರ ಕಥೆಯನ್ನೂ ಕೇಳು. ಒಂದೊಂದೇ ಪದ, ನಡುವೆ ಒಂದು ಉಸಿರು, ದನಿಯಲ್ಲಿ ಏರಿಳಿತ ಇರಕೂಡದು. ಹಾಗೆ ಓದಿದರೆ ಐದು ಬರುತ್ತದೆ ಅಂತ ಮಕ್ಕಳು ಬೇಗನೆ ಕಂಡುಹಿಡಿದರು. ಅದಕ್ಕೆ "ಟ್ಯಾಬ್ ದನಿ" ಅಂತ ಹೆಸರೂ ಇಟ್ಟರು. ಈಗ ನೀರು ಕುಡಿಯಲು ಹೋಗಲಾ ಅಂತ ಕೇಳುವುದೂ ಆ ದನಿಯಲ್ಲೇ. ಸದಾ ಐದು ಪಡೆಯುವ ಹುಡುಗನನ್ನು ಕರೆದು, ಕೊನೆಗೆ ಮೊಸಳೆಗೆ ಏನಾಯ್ತಪ್ಪಾ ಅಂತ ಕೇಳಿದೆ. "ಅದನ್ನ ಟ್ಯಾಬ್ ಕೇಳಲ್ಲ ಮಿಸ್" ಅಂದ. ಪಾಪ, ಅವನದೇನು ತಪ್ಪು? ಸ್ಟಾಫ್ ರೂಮಿನಲ್ಲಿ ನಾವೂ ಓದಿ ನೋಡಿದೆವು. ನನಗೆ ಎರಡು ಬಂತು. ಹೆಡ್‌ಮಾಸ್ಟರಿಗೆ ಐದು. ಸುತ್ತೋಲೆ ಓದಿ ಓದಿ ಅವರಿಗೆ ಆ ದನಿ ಎಂದೋ ಒಲಿದಿತ್ತು. ಆವತ್ತಿಡೀ ಕೈ ಹಿಂದೆ ಕಟ್ಟಿಕೊಂಡು ಓಡಾಡಿದರು.

ಇದನ್ನೆಲ್ಲ ಹೇಳಬೇಕು ಅಂತ ಕಳೆದ ತಿಂಗಳ ತರಬೇತಿಯಲ್ಲಿ ಎದ್ದು ನಿಂತಿದ್ದೆ. ನೀನು ಆವತ್ತು ಇನ್ನೊಂದು ಹಾಲ್‌ನಲ್ಲಿದ್ದೆ. ವೇದಿಕೆಯ ಮೇಲಿದ್ದ ಯುವಕ, "ಪ್ರಶ್ನೆಗಳನ್ನ ಕೊನೆಗೆ ತಗೊಳ್ಳೋಣ ಮೇಡಂ" ಅಂದ. ಕೊನೆಗೆ ಚಪ್ಪಾಳೆ, ಗ್ರೂಪ್ ಫೋಟೊ, ಪ್ರಮಾಣಪತ್ರ. ನಿಜವಾದ ತರಬೇತಿ ನನಗೆ ಸಿಕ್ಕಿದ್ದು ಅದಾದ ಮರುವಾರ. ನಾಲ್ಕನೇ ತರಗತಿಯ ಟೀಚರ್ ತನ್ನ ಬಿಡುವಿನ ಪೀರಿಯಡ್‌ನಲ್ಲಿ ಬಂದು ನನ್ನ ತರಗತಿಯಲ್ಲಿ ಕೂತಳು. ಪಾಠ ಮುಗಿದಮೇಲೆ, "ನೀವು ಪ್ರಶ್ನೆ ಕೇಳೋದೆಲ್ಲ ಕಿಟಕಿ ಕಡೆಯವರನ್ನೇ. ಗೋಡೆ ಕಡೆ ಮಕ್ಕಳು ನಿಮಗೇನು ಪಾಪ ಮಾಡಿದ್ದಾರೆ?" ಅಂದಳು. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಮುಖ ಕೆಂಪಾಯಿತು, ಆದರೆ ಮರುದಿನದಿಂದ ಗೋಡೆ ಕಡೆಯಿಂದಲೇ ಶುರು ಮಾಡಿದ್ದೇನೆ. ಹೀಗೆ ಒಬ್ಬರ ತರಗತಿಯಲ್ಲಿ ಒಬ್ಬರು ಕೂರುವುದಕ್ಕೆ ನಿಮ್ಮ ಕೇಂದ್ರ ವಾರಕ್ಕೊಂದು ಗಂಟೆ ಬಿಡುವು ಕೊಡಲಿ. ಪ್ರೊಜೆಕ್ಟರ್ ಬೇಡ, ಊಟದ ಪೊಟ್ಟಣವೂ ಬೇಡ.

ನಾನೇನು ಮಾಡಲಿ ಕಣೇ, ಎಲ್ಲ ಮೇಲಿಂದ ಬರುತ್ತೆ, ಅಂತ ನೀನು ಫೋನಿನಲ್ಲಿ ಹೇಳುತ್ತೀಯ. ಮೇಲಿಂದ ಬಂದದ್ದನ್ನೆಲ್ಲ ತುಂಬಿಸಿಕೊಂಡು ಕೆಳಗೆ ಬಿಡೋಕೆ ನಾವೇನು ನೀರಿನ ಟ್ಯಾಂಕಾ? ಎರಡು ವರ್ಷದ ಹಿಂದೆ ನೀನು ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದಾಗ ನಿನ್ನ ಮಕ್ಕಳ ನಗು ಗೋಡೆ ದಾಟಿ ಬಂದು ನನ್ನ ಗುಣಾಕಾರ ಕೆಡಿಸುತ್ತಿತ್ತು. ಎಷ್ಟು ಸಲ ಜಗಳಕ್ಕೆ ಬಂದಿಲ್ಲ ನಾನು! ಆವತ್ತಿನ ನೀನು ಚಿನಕುರುಳಿಯನ್ನು ಸಾಮಾನಿನ ಕೋಣೆಗೆ ಕಳಿಸುತ್ತಿದ್ದೆಯಾ? ಎದೆ ಮುಟ್ಟಿಕೊಂಡು ಹೇಳು.

ನನ್ನನ್ನು ತೆಗೆದರೆ ತೆಗೆಯಲಿ. ಕಚೇರಿಯಲ್ಲಿ ಕೂತು ಸೀಲು ಒತ್ತುವುದು ದೊಡ್ಡ ವಿದ್ಯೆಯಲ್ಲ. ತರಗತಿ ಬಿಟ್ಟು ಇರಲು ಆಗುತ್ತದೋ ಇಲ್ಲವೋ ಗೊತ್ತಿಲ್ಲ, ಹೆದರಿಕೆಯಂತೂ ಇದೆ. ಆದರೆ ನಾನು ಈ ತರಗತಿಯಲ್ಲಿ ಇರುವಷ್ಟು ದಿನ ಚಿನಕುರುಳಿ ಚಿತ್ರ ಬರೆಯುತ್ತಾಳೆ, ಆಡುತ್ತಾಳೆ, ಮೊಸಳೆಯ ಹಾಗೆ ನರಳುತ್ತಾಳೆ.

ಭಾವನಿಗೆ ನಮಸ್ಕಾರ ಹೇಳು, ಪುಟ್ಟನ ಎರಡೂ ಕೆನ್ನೆಗೆ ಮುತ್ತು. ಅಮ್ಮನ ಆಶೀರ್ವಾದ ನಿನಗೆ ಎಂದಿನಷ್ಟೇ, ನನಗೆ ಈ ವಾರ ಒಂದು ಹಿಡಿ ಹೆಚ್ಚು ಸಿಕ್ಕಿದೆ.

ನಿನ್ನ ತಂಗಿ,
ಇವತ್ತಿನವರೆಗೂ ಮೂರನೇ ತರಗತಿಯ ಮಿಸ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಾಲ್ಕನೇ ತರಗತಿಯ ಟೀಚರ್ ಫೋನ್ ಮಾಡಿದಳು. ಅವಳೂ ಎರಡನೇ ತರಗತಿಯವಳೂ ನಾಳೆ ತಮ್ಮ ತರಗತಿಯ ಮಕ್ಕಳನ್ನು ಆ ಸಾಮಾನಿನ ಕೋಣೆಯಿಂದ ವಾಪಸ್ ಕರೆದುಕೊಳ್ಳುತ್ತಾರಂತೆ. ಅಂದಮೇಲೆ ಇನ್ನೂ ಎರಡು ನೋಟಿಸ್ ನಿನ್ನ ಮೇಜಿಗೆ ಬಂದೇ ಬರುತ್ತವೆ. ಪೆನ್ನು ತೆಗೆಯುವ ಮುಂಚೆ ಬಸ್ ಹತ್ತಿ ಬಾ. ಅಧಿಕಾರಿಯಾಗಿ ಬೇಡ, ಸುಮ್ಮನೆ ಬಂದು ನಮ್ಮ ಮೂವರ ತರಗತಿಯಲ್ಲೂ ಹಿಂದಿನ ಬೆಂಚಿನಲ್ಲಿ ಕೂತು ಮಕ್ಕಳು ಓದುವುದನ್ನು ಕೇಳು. ಅದಾದ ಮೇಲೂ ನಿನ್ನ ಕೈ ಓಡಿದರೆ, ಮೊದಲು ನನ್ನನ್ನು ತೆಗೆಯುವ ಆದೇಶಕ್ಕೇ ಸಹಿ ಹಾಕು, ನನ್ನ ಕಣ್ಣೆದುರು.