ಪ್ರಿಯದರ್ಶಿನಿ ರೂಮ್ ಖಾಲಿ ಮಾಡಿರಲಿಲ್ಲ

ಬಾಣಸವಾಡಿ,
ಭಾನುವಾರ ಸಂಜೆ

ಪದ್ಮಶ್ರೀ ಆಂಟಿಗೆ ನಮಸ್ಕಾರ.

ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲೇ ಬೆಳೆದವಳು. ವಾರ್ಡನ್ ಆಗಲಿ, ಪಿಜಿ ಓನರ್ ಆಗಲಿ, ಹೇಳಿದ್ದಕ್ಕೆಲ್ಲ 'ಯೆಸ್ ಮೇಡಮ್' ಅಂದೇ ಅಭ್ಯಾಸ.

ನನ್ನ ರೂಮ್‌ಮೇಟ್ ಪ್ರಿಯದರ್ಶಿನಿಯ ಕೊಲೆಯ ಬಗ್ಗೆ ನಾಳೆ ಪೊಲೀಸರು ಕೇಳಿದರೆ, "ಹೋದ ತಿಂಗಳೇ ಖಾಲಿ ಮಾಡಿದ್ಲು ಅಂತ ಹೇಳಮ್ಮ, ಪಿಜಿ ಹೆಸರು ಟೀವೀಲಿ ಬಂದ್ರೆ ಯಾರ್ ಸೇರ್ತಾರೆ?" ಎಂದಿರಿ. ಸಾರಿ ಆಂಟಿ. ಕೊಲೆಯಾದ ದಿನ ಬೆಳಿಗ್ಗೆ ಅವಳು ನನ್ನ ಕನ್ನಡಿ ಮುಂದೆ ಜಡೆ ಹಾಕಿಕೊಂಡು ಹೋದಳು. ಗೇಟಿನ ಹತ್ತಿರ ಬೈಕಿನಲ್ಲಿ ಕಾಯುತ್ತಿದ್ದವನನ್ನು ನಾನು ಬಾಲ್ಕನಿಯಿಂದ ನೋಡಿದ್ದೇನೆ. ಅವಳು ಇಲ್ಲಿರಲೇ ಇಲ್ಲ ಎಂದರೆ ಅವನನ್ನೂ ನೋಡಿಲ್ಲ ಎಂದ ಹಾಗಾಗುತ್ತದೆ.

ಊಟಕ್ಕೆ ಕೂತಾಗ ನಾವೆಲ್ಲ ಕ್ರೈಮ್ ಪಾಡ್‌ಕಾಸ್ಟ್ ಹಾಕಿಕೊಂಡು, "ಕೊಂದಿದ್ದು ಗಂಡನೇ ಕಣೇ, ಹಂಡ್ರೆಡ್ ಪರ್ಸೆಂಟ್!" ಎಂದು ಕಿತ್ತಾಡುತ್ತಿದ್ದೆವು. ಈಗ ಅವಳ ಹೆಸರೆತ್ತಿದರೆ ಎಲ್ಲರೂ ತಟ್ಟೆ ಹಿಡಿದು ತಮ್ಮ ತಮ್ಮ ರೂಮಿಗೆ ಹೋಗುತ್ತಾರೆ. ಪಕ್ಕದ ರೂಮಿನ ಸುಕನ್ಯ ಮಾತ್ರ, "ಅವ್ಳೂ ಎಲ್ಲರ ಜೊತೆ ಅಷ್ಟೊಂದು ನಗ್ಬಾರ್ದಿತ್ತು ಬಿಡು" ಎಂದಳು.

ನಾಳೆ ನಾನು ನೋಡಿದ್ದನ್ನೇ ಹೇಳುತ್ತೇನೆ. ನನ್ನನ್ನು ಖಾಲಿ ಮಾಡಿಸುವುದಾದರೆ ದಯವಿಟ್ಟು ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ ಮುಗಿಯುವವರೆಗೆ ಟೈಮ್ ಕೊಡಿ.

ಇನ್ನೊಂದು ರಿಕ್ವೆಸ್ಟ್. ಅವಳ ಅಮ್ಮ ಜಟ್ಟೆಮ್ಮ ರಾಯಚೂರಿನಿಂದ ಬರುತ್ತಿದ್ದಾರೆ. ಅವಳ ಬ್ಯಾಗು ಕೈಗೆ ಕೊಟ್ಟು ಕೆಳಗಿನಿಂದಲೇ ಕಳಿಸಬೇಡಿ. ಒಂದು ರಾತ್ರಿ ಮಗಳ ಮಂಚದ ಮೇಲೆ ಮಲಗಲಿ. ಅವರಿಗೋಸ್ಕರ ಮಾತ್ರ ಕೇಳುತ್ತಿಲ್ಲ ಆಂಟಿ. ಆ ರೂಮಿನಲ್ಲಿ ಈಗ ನಾನೊಬ್ಬಳೇ.

ಇಂತಿ,
ಮೂರನೇ ಮಹಡಿಯ ಮಾನ್ವಿತ