ಯಾರ ಮೂಗಿನ ಎಲುಬು

ಮಾರ್ಚ್ 4
ಹಸು ಇವತ್ತೂ ಒದ್ದಿತು. ಅರ್ಧ ಹಾಲು ನೆಲಕ್ಕೆ. ತಾಲ್ಲೂಕಾಸ್ಪತ್ರೆಗೆ ರಾಜಧಾನಿ ಬಿಷ್ಕೆಕ್‌ನ ಡಾಕ್ಟರರು ಬಂದಿದ್ದಾರೆ. ಮೂಗಿನ ಎಲುಬಿನ ಸಂಶೋಧನೆಯಂತೆ. ಹುಟ್ಟಿನಿಂದಲೇ ಅದು ಗಿಡ್ಡವಾಗಿರುವ ಮನೆತನಗಳು ಬೇಕಂತೆ. ಬೇರೆ ಕೆಲಸವಿಲ್ಲ. ಆದರೂ ನಮ್ಮ ಹುಡುಗಿ ಬೆಗಾಯಿಮಳನ್ನು ಕರೆದೊಯ್ದೆ. ಹದಿನೇಳು ವರ್ಷ, ಮೂಗಿನಲ್ಲಿ ಉಸಿರೇ ಆಡದು. ಎಕ್ಸ್‌ರೇಯಲ್ಲಿ ಎಲುಬು ಗೋಧಿಕಾಳಿನಷ್ಟು. ತಾಯಿಗೂ ಹಾಗೇ ಇದ್ದರೆ ಹೆಸರು ಪಟ್ಟಿಯಲ್ಲಿ ಉಳಿಯುತ್ತದಂತೆ, ಆಪರೇಷನ್ ಖರ್ಚೂ ಅವರದೇ.

"ತಾಯಿ ಯಾರು?" ಅಂದಳು ಡಾಕ್ಟರ್ ಸಯರಾ.

"ನಾನೇ."

ನನ್ನ ಮುಖದ್ದೂ ಎಕ್ಸ್‌ರೇ ತೆಗೆದರು.

ಸುಳ್ಳೇನಲ್ಲ. ನಮ್ಮಲ್ಲಿ ಹಿರಿಮಗನ ಚೊಚ್ಚಲ ಕೂಸು ಅಜ್ಜಿಯದು. ನಲವತ್ತು ದಿನಕ್ಕೆ ಸೊಸೆ ಮಿರ್ಗುಲ್ ನನ್ನ ಮಡಿಲಿಗೆ ಹಾಕಿದಳು. ಹುಡುಗಿಗೆ ನಾನು ಅವ್ವ, ಹೆತ್ತವಳು ಅತ್ತಿಗೆ. ಡಾಕ್ಟರ್ ಕೇಳಿದ್ದು ತಾಯಿ ಯಾರು ಅಂತ. ಹೆತ್ತವಳು ಯಾರು ಅಂತಲ್ಲ.

ಮಾರ್ಚ್ 19
"ಅಮ್ಮಾ, ನಿಮ್ಮ ಎಲುಬು ಗಟ್ಟಿ, ಹದ್ದಿನ ಕೊಕ್ಕಿನ ಹಾಗೆ. ಹಾಗಾದ್ರೆ ಇವಳದು ಹುಟ್ಟಿನಿಂದ ಬಂದದ್ದಲ್ಲ. ಚಿಕ್ಕವಳಿದ್ದಾಗ ಬಿದ್ದಿದ್ಲಾ? ಯಾರಾದ್ರೂ… ಹೊಡೆದಿದ್ರಾ?"

ಡಾಕ್ಟರ್ ನನ್ನ ಕೈ ನೋಡುತ್ತಾ ಕೇಳಿದಳು! ಬಾಗಿಲಲ್ಲಿದ್ದ ಬೆಗಾಯಿಮ್, "ನಮ್ಮವ್ವ ಬಾಯಲ್ಲೇ ಹೊಡೀತಾಳೆ ಡಾಕ್ಟ್ರೇ, ಕೈ ಎತ್ತೋ ಅಗತ್ಯವೇ ಬೀಳಲ್ಲ" ಅಂದಳು. ಕಳ್ಳಿ. ಡಾಕ್ಟರ್ ನಗಲಿಲ್ಲ. ಪಟ್ಟಿಯಿಂದ ಹೆಸರು ಹೊಡೆದುಹಾಕಿದಳು.

ಮಾರ್ಚ್ 27
ಎಂಟು ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ. ಹುಡುಗಿ ಬಾಯಿ ತೆರೆದುಕೊಂಡು ಉಸಿರೆಳೆದಳು. ಇನ್ನು ಆ ಸದ್ದು ಕೇಳಲಾರೆ. ಬಿಷ್ಕೆಕ್‌ನಲ್ಲಿ ಹೊಲಿಗೆ ಕೆಲಸದಲ್ಲಿರುವ ಮಿರ್ಗುಲ್‌ಗೆ ಫೋನ್ ಮಾಡಿದೆ.

"ಬಾರೇ. ನಿನ್ನ ಮೂಗು ಬೇಕಾಗಿದೆ."

ಎಲ್ಲ ಕೇಳಿಸಿಕೊಂಡಳು. "ಹದಿನೇಳು ವರ್ಷಕ್ಕೆ ನನ್ನದೂ ಅಂತ ಏನೋ ಒಂದು ಬೇಕಾಯ್ತಲ್ಲ ಅತ್ತೆ ನಿಮಗೆ. ಬರ್ತೀನಿ."

ಮಾತು ಕಲಿತಿದ್ದಾಳೆ. ನನ್ನಿಂದಲೇ.

ಏಪ್ರಿಲ್ 2
ತಾಯಿಯದು, ಮಗಳದು — ಎರಡು ಫಿಲಂ ಬೆಳಕಿಗೆ ಹಿಡಿದರು. ಒಂದೇ ಅಚ್ಚು.

"ಮೊದಲೇ ಹೇಳಬಾರದಿತ್ತಾ, ಅಜ್ಜಿ?"

ಡಾಕ್ಟರ್ ಮೊನ್ನೆಯವರೆಗೆ ಅಮ್ಮಾ ಅನ್ನುತ್ತಿದ್ದಳು.

ಬೆಗಾಯಿಮ್‌ಗೆ ಗೊತ್ತಿಲ್ಲದ್ದೇನಲ್ಲ. ಯಾರೂ ಬಾಯಿಬಿಟ್ಟಿರಲಿಲ್ಲ, ಅಷ್ಟೆ. ತನ್ನ ಮೂಗಿನ ಮೇಲೆ ಬೆರಳಾಡಿಸಿದಳು. ಆಮೇಲೆ ಮಿರ್ಗುಲ್ ಮೂಗಿನ ಮೇಲೆ. ಇಬ್ಬರೂ ನಕ್ಕರು, ಅತ್ತರು. ನನ್ನ ಫಿಲಂ ಮೇಜಿನ ಮೇಲೆ ಬೋರಲು ಬಿದ್ದಿತ್ತು. ಕೇಳಿ ಇಸಿದುಕೊಂಡು ಬಂದೆ. ಒಪ್ಪಿಗೆ ಕಾಗದಕ್ಕೆ ಸೊಸೆಯ ರುಜು.

ಮೇ 11, ಬಿಷ್ಕೆಕ್
ಆಪರೇಷನ್ ಆಯಿತು. ಪಕ್ಕೆಲುಬಿನ ಚೂರು ತೆಗೆದು ಮೂಗಿಗೆ ಕೂರಿಸಿದ್ದಾರೆ. ಮುಖವೆಲ್ಲ ಬ್ಯಾಂಡೇಜು, ಕಣ್ಣು ಊದಿ ಮುಚ್ಚಿವೆ. ಮಂಚದ ಆಚೆ ಮಿರ್ಗುಲ್, ಈಚೆ ನಾನು. ನಾನೂ ಕುರಿ ಸಾರು ತಂದಿದ್ದೆ, ಅವಳೂ ತಂದಿದ್ದಳು. "ಎರಡೂ ಈಗ ಬೇಡ" ಅಂದಳು ನರ್ಸ್.

ಸಂಜೆ ನಾಲ್ಕಕ್ಕೆ ಅಲುಗಾಡಿದಳು.

"ಅವ್ವಾ…"

ಇಬ್ಬರೂ ಎದ್ದೆವು. ನಾನೇ ಮೊದಲು ಬಗ್ಗಿದೆ. ಕಣ್ಣು ಕಾಣದ ಹುಡುಗಿ ಕೈ ಎತ್ತಿ ನನ್ನ ಮುಖ ತಡವಿದಳು. ಮೂಗು ಸಿಕ್ಕಿತು. ಗಟ್ಟಿ ಎಲುಬು. ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಕೈ ಆಚೆ ಕಡೆಗೆ, ಮಿರ್ಗುಲ್ ಮುಖದತ್ತ ಚಾಚಿತು.